ಶೆದ್ಲಿಯಾಳ ಅಂಗಳದ ಸರದಿ

ಶೆದ್ಲಿಯಾ ಮಾತಾಡುವುದು ನನಗೆ ದಿನಾ ಎರಡು ಸಲ ಕೇಳಿಸುತ್ತದೆ. ಮೊದಲ ಸಲ ಗೋಡೆಯ ಆಚೆಯಿಂದ. ಅವಳು ತನ್ನ ಅಂಗಳದಲ್ಲಿ ಫೋನನ್ನು ನೀರಿನ ಹೂಜಿಗೆ ಒರಗಿಸಿ ನಿಲ್ಲಿಸಿ, "ಬನ್ನಿ ಬನ್ನಿ, ನನ್ನ ಅಕ್ಕತಂಗಿಯರೇ, ಕೂತ್ಕೊಳ್ಳಿ" ಅನ್ನುವಾಗ. ಎರಡನೇ ಸಲ ಸಂಜೆ, ಅವಳೇ ಕೊಟ್ಟ ಹಳೇ ಫೋನಿನಲ್ಲಿ. ಗೋಡೆಯ ಆಚೆಯಿಂದ ಕೇಳಿದರೆ ಮನೆ ತುಂಬಾ ನೆಂಟರು ಬಂದಿದ್ದಾರೇನೋ ಅನ್ನಿಸಬೇಕು. "ಉಪ್ಪು ಸರಿಯಾಯ್ತಾ?" ಅಂತ ಕೇಳುತ್ತಾಳೆ. ಯಾರೋ ಉತ್ತರ ಹೇಳುವಷ್ಟು ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ, "ಹ್ಞಾಂ, ನಂಗೂ ಹಾಗೇ ಅನ್ನಿಸ್ತು" ಅನ್ನುತ್ತಾಳೆ. ಅಲ್ಲಿರುವುದು ಒಂದು ಕಹಿ ಕಿತ್ತಳೆ ಮರ, ಒಂದು ಬೆಕ್ಕು.

ಅವಳಿಗೆ ಐವತ್ತು ದಾಟಿ ಕೆಲವು ವರ್ಷವಾಗಿದೆ. ಮದುವೆಯಾಗಲಿಲ್ಲ. ಒಂದು ಸಂಬಂಧ ಬಂದಿತ್ತು, ಗಂಡು ಕೆಟ್ಟವನೇನಲ್ಲ, ಆದರೆ ಅದೇ ವರ್ಷ ಅವಳ ಅಮ್ಮ ಲೆಲ್ಲಾ ಬೆಯ್ಯಾಗೆ ಸೊಂಟ ಮುರಿಯಿತು. ಅಮ್ಮನನ್ನು ಎತ್ತುವುದು, ಇಳಿಸುವುದು, ತೊಳೆಯುವುದು, ಇದರಲ್ಲೇ ಶೆದ್ಲಿಯಾಳ ಒಳ್ಳೇ ವಯಸ್ಸು ಕಳೆಯಿತು. ಜೀವನಕ್ಕೆ ಮದುಮಕ್ಕಳ ಬಟ್ಟೆಗೆ ಕಸೂತಿ ಹಾಕುತ್ತಿದ್ದಳು. ಅವಳ ಸೂಜಿ ತಾಗದ ಮದುವೆ ಬಟ್ಟೆ ಇಡೀ ನಾಬೆಲ್ ಊರಿನಲ್ಲಿ ಆಗ ಕಡಿಮೆ.

ಲೆಲ್ಲಾ ಬೆಯ್ಯಾ ಅಂದರೆ ನಮ್ಮ ಓಣಿಗೆ ಔಲಾದ ಯಜಮಾನಿ. ಆಗಸ್ಟ್ ಬಿಸಿಲಿನಲ್ಲಿ ವರ್ಷಕ್ಕಾಗುವಷ್ಟು ಕುಸ್ಕುಸ್, ಅಂದರೆ ಗೋಧಿ ರವೆಯ ಸಣ್ಣ ಕಾಳು, ಮಾಡಿ ಒಣಗಿಸಿಡುವುದಕ್ಕೆ ನಾವು ಔಲಾ ಅನ್ನುತ್ತೇವೆ. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ದೊಡ್ಡ ಮರದ ಮರಿಗೆಯಲ್ಲಿ ರವೆ ಹಾಕಿಕೊಂಡು ಒಬ್ಬಳು ಉಪ್ಪುನೀರು ಚಿಮುಕಿಸಬೇಕು, ಇಬ್ಬರು ಮೂವರು ಅಂಗೈಯಿಂದ ಉರುಟಬೇಕು, ಒಬ್ಬಳು ಜರಡಿ ಹಿಡಿಯಬೇಕು, ಇನ್ನೊಬ್ಬಳು ಹಬೆಯಲ್ಲಿ ಬೇಯಿಸಿ ಮಾಳಿಗೆಗೆ ಒಯ್ದು ಬಿಳೀ ಬಟ್ಟೆಯ ಮೇಲೆ ಹರಡಬೇಕು. ಇವತ್ತು ನಮ್ಮ ಮನೆ, ನಾಳೆ ನಿಮ್ಮ ಮನೆ, ಹೀಗೆ ಸರದಿ. ಸರದಿಗೆ ಬಾರದವಳ ಮನೆಗೆ ಆಮೇಲೆ ಯಾರೂ ಹೋಗುತ್ತಿರಲಿಲ್ಲ. ಆ ದಿನಗಳಲ್ಲಿ ನಾವು ನಕ್ಕ ನಗು ಕೇಳಿ ನಮ್ಮ ಯಜಮಾನರು, ಹಮ್ಮಾದಿ, ಮಡಕೆ ಮಾಡುವ ಮಣ್ಣಿನ ಕೈಯಲ್ಲೇ ಬಾಗಿಲಿಗೆ ಬಂದು, "ಕುಸ್ಕುಸ್ ಉರುಟ್ತಿದ್ದೀರೋ ಗಂಡಂದಿರ ಮರ್ಯಾದೆ ಉರುಟ್ತಿದ್ದೀರೋ?" ಅನ್ನುತ್ತಿದ್ದರು.

ಈಗ ಆ ಹೆಂಗಸರಿಲ್ಲ. ಕೆಲವರು ಮಣ್ಣಿಗೆ ಹೋದರು, ಕೆಲವರು ಊರಾಚೆ ಹೊಸ ಕಟ್ಟಡಗಳಿಗೆ ಹೋದರು. ಅಂಗಡಿಯಲ್ಲಿ ಪೊಟ್ಟಣದ ಕುಸ್ಕುಸ್ ಸಿಗುತ್ತದೆ. ಲೆಲ್ಲಾ ಬೆಯ್ಯಾ ಹೋದ ಮೇಲೆ ಓಣಿಯಲ್ಲಿ ಹಳಬರು ಅಂದರೆ ಶೆದ್ಲಿಯಾ ಮತ್ತು ನಾನು.

ಚಾನೆಲ್ ಶುರುಮಾಡಿದ್ದು ಅಮ್ಮ ಸತ್ತ ಮರುವರ್ಷ. ಅಮ್ಮನ ಅಡುಗೆ ಮರೆತುಹೋಗಬಾರದು ಅಂತ ಅವಳು ಹೇಳುತ್ತಿದ್ದಳು. ಇರಬಹುದು. ಇಪ್ಪತ್ತು ವರ್ಷ ಒಬ್ಬರ ಜೊತೆ ಮಾತಾಡಿಕೊಂಡೇ ಕೆಲಸ ಮಾಡಿದ ಬಾಯಿ ಅದು, ಒಮ್ಮೆಗೇ ಹೇಗೆ ಮುಚ್ಚೀತು ಅಂತ ನಾನಂದುಕೊಂಡೆ. ಮೊದಮೊದಲು ಅವಳ ವಿಡಿಯೋ ನೋಡುತ್ತಿದ್ದವಳು ನಾನೊಬ್ಬಳೇ. ನನ್ನ ಓದು ಎರಡನೇ ತರಗತಿಗೇ ನಿಂತದ್ದು, ಆದರೆ ಯಾವ ಚಿತ್ರದ ಮೇಲೆ ಬೆರಳಿಟ್ಟರೆ ಶೆದ್ಲಿಯಾ ಬರುತ್ತಾಳೆ ಅಂತ ಅವಳು ತೋರಿಸಿಕೊಟ್ಟಿದ್ದಳು.

ಒಂದು ದಿನ ಓಡಿಬಂದಳು, ಕೈಯೆಲ್ಲ ಹಿಟ್ಟು. "ಖಾಲ್ತಿ, ಖಾಲ್ತಿ! ಬಿಜೆರ್ತ್‌ನಿಂದ ಒಬ್ಬಳು ಬರೆದಿದ್ದಾಳೆ. 'ಅಕ್ಕ, ನೀನು ನನ್ನ ಚಾನೆಲ್‌ಗೆ ಬಾ, ನಾನು ನಿನ್ನ ಚಾನೆಲ್‌ಗೆ ಬರ್ತೀನಿ' ಅಂತ!"

ಖಾಲ್ತಿ ಅಂದರೆ ಚಿಕ್ಕಮ್ಮ. ರಕ್ತಸಂಬಂಧ ಇಲ್ಲದಿದ್ದರೂ ಓಣಿಯವರೆಲ್ಲ ನನ್ನನ್ನು ಹಾಗೇ ಕರೆಯುವುದು.

ಬರೆದವಳ ಹೆಸರು ರಾದ್ಯಾ. ಅಡುಗೆ ಚಾನೆಲ್ ಇಟ್ಟುಕೊಂಡ ಹೆಂಗಸರದ್ದೊಂದು ಗುಂಪು ಕಟ್ಟಿಕೊಂಡಿದ್ದಳು, ಫೋನಿನಲ್ಲೇ. ಶೆದ್ಲಿಯಾ ಸೇರಿ ಏಳು ಜನ, ಒಬ್ಬೊಬ್ಬರು ಒಂದೊಂದು ಊರಿನವರು. ನಿಯಮ ಹೀಗೆ: ವಾರಕ್ಕೊಬ್ಬಳ ಸರದಿ. ಆ ವಾರ ಮಿಕ್ಕವರೆಲ್ಲ ಅವಳ ವಿಡಿಯೋ ನೋಡಬೇಕು, ಹೆಬ್ಬೆರಳು ಒತ್ತಬೇಕು, ಕೆಳಗೆ ಒಂದು ಒಳ್ಳೇ ಮಾತು ಬರೆಯಬೇಕು, ತಮ್ಮ ವಿಡಿಯೋದಲ್ಲಿ ಅವಳ ಹೆಸರು ಹೇಳಿ "ಅವಳ ಚಾನೆಲ್ಲೂ ನೋಡಿ" ಅನ್ನಬೇಕು. ಹಾಗೆ ಒಬ್ಬಳ ಜನ ಇನ್ನೊಬ್ಬಳಿಗೆ ಬರುತ್ತಾರೆ, ಎಲ್ಲರೂ ಬೆಳೆಯುತ್ತಾರೆ.

"ಇದು ಔಲಾನೇ ಅಲ್ವಾ ಖಾಲ್ತಿ?" ಅಂದಳು ಶೆದ್ಲಿಯಾ. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. "ಇವತ್ತು ನಿಮ್ಮನೆ, ನಾಳೆ ನಮ್ಮನೆ!"

"ಅವರು ನಿನ್ನ ಕೈಯಡುಗೆ ತಿಂದಿದ್ದಾರಾ?" ಅಂದೆ.

"ನೋಡ್ತಾರೆ ಖಾಲ್ತಿ."

"ನೋಡಿದ್ರೆ ಹೊಟ್ಟೆ ತುಂಬತ್ತಾ?"

"ನೋಡೋರಿಲ್ದೆ ನಂಗೆ ತುತ್ತು ಇಳಿಯಲ್ಲ," ಅಂದಳು.

ಅವಳು ಆ ಕೆಲಸವನ್ನು ಮಾಡಿದ ರೀತಿ ನೋಡಬೇಕಿತ್ತು. ಯಾರ ಸರದಿ ಬಂದರೂ ತಲೆಗೆ ಒಗೆದ ವಸ್ತ್ರ ಕಟ್ಟಿಕೊಂಡು, ಕಾಫಿ ಇಟ್ಟುಕೊಂಡು, ಫೋನಿನ ಮುಂದೆ ಕೂತುಬಿಡುತ್ತಿದ್ದಳು. ಶುರುವಿನಿಂದ ಕೊನೆಯವರೆಗೆ ಏಳುತ್ತಿರಲಿಲ್ಲ. ನಾನು ಬಾಗಿಲು ತಟ್ಟಿದರೆ, "ಇರಿ ಖಾಲ್ತಿ, ಒಬ್ಬರ ಮನೇಲಿದ್ದೀನಿ" ಅನ್ನುವಳು. ಆಮೇಲೆ ತನ್ನ ವಿಡಿಯೋದಲ್ಲಿ ಅವರ ಬಗ್ಗೆ ಹೇಳುವುದೂ ಹಾಗೇ: "ಸ್ಫಾಕ್ಸ್ ಊರಿನ ನಮ್ಮ ನೆಜೀಬಾ ಮೀನಿನ ಕುಸ್ಕುಸ್‌ಗೆ ಒಂದು ಕ್ವಿನ್ಸ್ ಹಣ್ಣು ಹಾಕ್ತಾಳೆ, ಹಣ್ಣನ್ನ ಸಿಪ್ಪೆ ಸಮೇತ ಹಾಕ್ತಾಳೆ, ಅದೇ ಗುಟ್ಟು. ಅವಳ ಒಲೆ ಹಿಂದೆ ಗೋಡೆಗೆ ಹಸಿರು ಟೈಲ್ಸ್ ಬಿಲ್ಲೆಗಳಿವೆ, ಮೂಲೇಲಿ ಒಂದು ಒಡೆದಿದೆ, ಅದರ ಮೇಲೆ ಬೆಳ್ಳುಳ್ಳಿ ಗೊಂಚಲು ನೇತುಹಾಕಿ ಮುಚ್ಚಿದ್ದಾಳೆ, ಜಾಣೆ! ಹೋಗಿ ನೋಡಿ."

ಅವರು ಇವಳ ಬಗ್ಗೆ ಹೇಳುವುದನ್ನೂ ನಾನು ಕೇಳಿದೆ. "ಹಾಗೇ ನಮ್ಮ ಶೆದ್ಲಿಯಾ ಚಾನೆಲ್ಲೂ ನೋಡಿ, ಚೆನ್ನಾಗಿದೆ." ಅಷ್ಟೇ. ಗಾಬೆಸ್ ಊರಿನವಳು ಒಮ್ಮೆ "ಬಿಜೆರ್ತ್‌ನ ಶಾದ್ಯಾ" ಅಂದುಬಿಟ್ಟಳು, ಊರೂ ತಪ್ಪು, ಹೆಸರೂ ತಪ್ಪು. ನನಗೆ ಸಿಟ್ಟು ಬಂತು.

"ಹೋಗ್ಲಿ ಬಿಡಿ ಖಾಲ್ತಿ, ಒಲೆ ಮೇಲೆ ಏನೋ ಇಟ್ಟಿದ್ಳು, ಅವಸರ."

ಆದರೆ ಜನ ಬಂದದ್ದು ನಿಜ. ಸಂಖ್ಯೆ ಏರುತ್ತಾ ಹೋಯಿತು. ಪ್ರತಿ ವಿಡಿಯೋದ ಕೆಳಗೆ "ನಿನ್ನ ಕೈಗೆ ಸುಖವಿರಲಿ ತಂಗಿ" ಅಂತ ಸಾಲುಸಾಲು. ಅವಳು ಅದನ್ನೆಲ್ಲ ನನಗೆ ಓದಿ ಹೇಳುವಳು, ಒಂದನ್ನೂ ಬಿಡದೆ. ಮುಂಚೆ ದಿನಾ ಸಂಜೆ ನನ್ನ ಹತ್ತಿರ ಬಂದು ಕೂರುತ್ತಿದ್ದವಳು ಈಗ ವಾರಕ್ಕೊಮ್ಮೆ ಬರುವಳು, ಅದೂ ಓದಿ ಹೇಳಲು. ಆರು ಜನರ ಮನೆ ಸುತ್ತಿ ಬರಬೇಕಲ್ಲ.

ಎರಡು ವರ್ಷ ಹೀಗೆ ನಡೆಯಿತು. ಮೂರನೇ ಬೇಸಗೆ ಶುರುವಾಗುವಾಗ ಅವಳಿಗೊಂದು ಆಸೆ ಹುಟ್ಟಿತು. ಆಗಸ್ಟ್‌ನಲ್ಲಿ ಅವಳ ಸರದಿ ಬರುವುದಿತ್ತು. ಅಮ್ಮ ಮಾಡುತ್ತಿದ್ದಂತೆ ತನ್ನ ಅಂಗಳದಲ್ಲಿ ಔಲಾ ಮಾಡಬೇಕು, ಆರೂ ಜನ ಬರಬೇಕು, ಏಳು ಜನರ ಕೈ ಒಂದೇ ಮರಿಗೆಯಲ್ಲಿ ಇರಬೇಕು.

"ಫೋನ್ ಮಾಡಿ ಕರಿ," ಅಂದೆ. "ನಂಬರಿದೆಯಲ್ಲ."

ಅವಳು ನನ್ನನ್ನು ನೋಡಿದ ನೋಟ! "ಔಲಾಕ್ಕೆ ಫೋನಲ್ಲಿ ಕರೀತಾರಾ ಖಾಲ್ತಿ? ಅಮ್ಮ ಕೇಳಿದ್ರೆ ಏನಂತಾಳೆ?"

ಅವಳು ಹೇಳಿದ್ದು ಸುಳ್ಳಲ್ಲ. ಔಲಾಕ್ಕೆ ಕರೆಯುವ ಕ್ರಮವೇ ಬೇರೆ. ಅವರ ಮನೆಗೆ ಹೋಗಬೇಕು, ಕೂರಬೇಕು, ಕಾಫಿ ಕುಡಿಯಬೇಕು. ಕೂತ ತಕ್ಷಣ ಹೇಳಿದರೆ ಆಳು ಕರೆಯಲು ಬಂದಂತೆ. ಏಳುವಾಗ ಹೇಳಿದರೆ ಬಾಯಿಮಾತಿಗೆ ಹೇಳಿದಂತೆ. ಲೋಟ ಅರ್ಧ ಖಾಲಿಯಾದಾಗ, ಬೇರೆ ಏನೋ ಮಾತಿನ ನಡುವೆ ಮೆತ್ತಗೆ ಹೇಳಬೇಕು. ಅವರು "ಇನ್ಷಾಅಲ್ಲಾ" ಅಂದರೆ ಬಂದಂತೆಯೇ ಲೆಕ್ಕ. ಶೆದ್ಲಿಯಾ ಯೋಚಿಸಿದ್ದು ಹೀಗೆ: ಅವರೆಲ್ಲ ನನ್ನ ವಿಡಿಯೋ ನೋಡಲು ಕೂರುತ್ತಾರೆ, ಆಗ ನಾನು ಅವರ ಮನೆಯಲ್ಲೇ ಇದ್ದಂತೆ. ಅರ್ಧ ಆದಾಗ ಹೇಳುತ್ತೇನೆ.

ಹಾಗೇ ಮಾಡಿದಳು. ಆಗಸ್ಟ್‌ಗೆ ಮುಂಚಿನ ಸರದಿಯಲ್ಲಿ, ಮೆಣಸಿನಕಾಯಿ ಹರೀಸಾ ಅರೆಯುವ ವಿಡಿಯೋ. ಸರಿಯಾಗಿ ನಡುವಿನಲ್ಲಿ, ಒರಳಿನಿಂದ ಕೈ ತೆಗೆಯದೇ, ಆರೂ ಜನರ ಹೆಸರು ಒಂದೊಂದಾಗಿ ಹೇಳಿ ಕರೆದಳು. ಆಗಸ್ಟ್ ಮೊದಲ ಶನಿವಾರ, ಮಡಕೆ ಅಂಗಡಿಗಳ ಹಿಂದೆ, ಚಿಕ್ಕ ಮಸೀದಿಯ ಪಕ್ಕ, ಗೋಡೆಯ ಮೇಲಿಂದ ಕಿತ್ತಳೆ ಕೊಂಬೆ ಇಣುಕುವ ಮನೆ. "ನೀವು ಬರೋದೇ ನಂಗೆ ಹಬ್ಬ," ಅಂದಳು. ಆ ಮಾತು ನನಗೆ ಗೋಡೆಯ ಆಚೆಯಿಂದಲೂ ಕೇಳಿತು, ಫೋನಿನಲ್ಲೂ ಕೇಳಿತು.

ಕೆಳಗೆ ಎಂದಿನಂತೆ ಬರೆದಿದ್ದರು. ಮೂವರು "ಇನ್ಷಾಅಲ್ಲಾ ನಾನೂ ಮಾಡ್ತೀನಿ, ಚೆನ್ನಾಗಿದೆ" ಅಂತ ಬರೆದಿದ್ದರು.

"ಮೂರು ಜನ ಒಪ್ಪಿದ್ದಾರೆ ಖಾಲ್ತಿ! ಮಿಕ್ಕವರೂ ಬಂದೇ ಬರ್ತಾರೆ."

ಅವರು ಮಾಡುತ್ತೇವೆ ಅಂದದ್ದು ಹರೀಸಾವನ್ನು ಇರಬಹುದು ಅಂತ ನನಗೆ ಅನ್ನಿಸಿತು. ಆದರೆ ಅವಳು ಅಟ್ಟದಿಂದ ಅಮ್ಮನ ಮರಿಗೆ ಇಳಿಸಿ ತೊಳೆಯುತ್ತಿದ್ದಳು. ಕುರಿದೊಗಲುಗಳನ್ನು ಬಿಸಿಲಿಗೆ ಹಾಕಿದಳು. ಬಂದವರಿಗೆ ಪಾಲು ಕೊಟ್ಟು ಕಳಿಸಲು ಆರು ಬಟ್ಟೆ ಚೀಲ ಹೊಲಿದು, ಒಂದೊಂದರ ಮೇಲೂ ಹೆಸರು ಕಸೂತಿ ಹಾಕಿದಳು, ಮದುಮಕ್ಕಳ ಬಟ್ಟೆಗೆ ಹಾಕುತ್ತಿದ್ದಂಥದೇ ನೀಲಿ ದಾರದಲ್ಲಿ.

ಆ ಶನಿವಾರ ನಾನು ಹೋಗುವಾಗ ಸೂರ್ಯ ಇನ್ನೂ ಮಾಳಿಗೆ ಏರಿರಲಿಲ್ಲ. ಮರಿಗೆಯ ಸುತ್ತ ಕುರಿದೊಗಲು ಹಾಸಿತ್ತು. ಫೋನು ಹೂಜಿಗೆ ಒರಗಿ ನೋಡುತ್ತಿತ್ತು. ರವೆಗೆ ಆಗಲೇ ಉಪ್ಪುನೀರು ಬಿದ್ದಿತ್ತು, ಒಂದಿಷ್ಟಲ್ಲ, ಏಳು ಜನ ಉರುಟುವಷ್ಟು.

"ಅಯ್ಯೋ ಮಗಳೇ, ಯಾರೂ ಬರೋ ಮುಂಚೆ ನೆನೆಸಿಬಿಟ್ಯಾ?"

"ಅಮ್ಮ ಹಾಗೇ ಅಲ್ವಾ ಮಾಡ್ತಿದ್ದಿದ್ದು? ಬಂದವರು ನಡೀತಿರೋ ಕೆಲಸಕ್ಕೆ ಕೂತ್ಕೊಬೇಕು. ಅವರಿಗೋಸ್ಕರ ಕೆಲಸ ಕಾಯ್ಕೊಂಡು ಕೂತಿದ್ರೆ ಅವಮಾನ."

ಅಮ್ಮ ಹಾಗೇ ಮಾಡುತ್ತಿದ್ದದ್ದು ಹೌದು. ಆದರೆ ಲೆಲ್ಲಾ ಬೆಯ್ಯಾ ರವೆ ನೆನೆಸುವಾಗ ಓಣಿಯ ಬಾಗಿಲುಗಳೆಲ್ಲ ತೆರೆಯುವ ಸದ್ದು ಕೇಳುತ್ತಿತ್ತು.

ನೆನೆದ ರವೆ ಯಾರನ್ನೂ ಕಾಯುವುದಿಲ್ಲ. ಉರುಟಿದರೆ ಕಾಳು, ಬಿಟ್ಟರೆ ಮುದ್ದೆ. ನಾನು ಕೂತೆ. ಅವಳೂ ಫೋನಿನಲ್ಲಿ ವಿಡಿಯೋ ಶುರುಮಾಡಿ ಬಂದು ಕೂತಳು. ಉರುಟಿದೆವು. ವ್ಯಾನು ನಿಲ್ದಾಣದ ಕಡೆಯಿಂದ ಹಾರ್ನ್ ಕೇಳಿದಾಗಲೆಲ್ಲ ಅವಳ ಕೈ ನಿಲ್ಲುವುದು. ಬಿಸಿಲು ಅಂಗಳಕ್ಕೆ ಇಳಿಯಿತು. ನನಗೆ ಹಿಟ್ಟಿನ ಧೂಳಿಗೆ ಕೆಮ್ಮು ಹತ್ತಿತು. ಮಧ್ಯಾಹ್ನದ ಆಜಾನ್ ಆಯಿತು. ಅವಳು ಫೋನಿನ ಕಡೆ ತಿರುಗಿ "ಅಕ್ಕತಂಗಿಯರೇ" ಅನ್ನಲಿಲ್ಲ, ಕೆಲಸಕ್ಕೆ ಕೂತ ಮೇಲೆ ಒಂದು ಮಾತೂ ಆಡಲಿಲ್ಲ. ಜರಡಿಯ ಸದ್ದು, ನನ್ನ ಕೆಮ್ಮು, ಅಷ್ಟೇ. ಇಬ್ಬರು ಹೆಂಗಸರ ನಾಲ್ಕು ಕೈಗೆ ಎಷ್ಟಾದೀತು? ಅರ್ಧ ಉಳಿಸಿಕೊಂಡೆವು. ಉಳಿದರ್ಧ ಮುದ್ದೆಯಾಯಿತು, ಅದನ್ನು ರೊಟ್ಟಿ ತಟ್ಟಿದಳು. ಎಂಟು ಕುರಿದೊಗಲಿನಲ್ಲಿ ಎರಡರ ಮೇಲೆ ನಾವಿದ್ದೆವು. ಇನ್ನೊಂದರ ಮೇಲೆ ಬೆಕ್ಕು ಬಂದು ಮಲಗಿತು.

"ಇದನ್ನೂ ಹಾಕ್ತೀಯಾ?" ಅಂತ ಸಂಜೆ ಕೇಳಿದೆ, ಅವಳು ಫೋನು ಕೈಗೆತ್ತಿಕೊಂಡಾಗ.

"ನನ್ನ ಸರದಿ ಖಾಲ್ತಿ. ಸರದಿ ತಪ್ಪಿಸಬಾರದು."

ಕತ್ತರಿಸದೇ ಹಾಕಿದಳು. ವಿಡಿಯೋದ ಹೆಸರು ಮೊದಲೇ ಬರೆದಿಟ್ಟದ್ದು: "ನನ್ನ ಅಂಗಳದಲ್ಲಿ ಅಕ್ಕತಂಗಿಯರ ಜೊತೆ ಔಲಾ." ಅದನ್ನೂ ಬದಲಿಸಲಿಲ್ಲ.

ಎರಡು ದಿನ ಬಿಟ್ಟು ಬಂದು, ನನ್ನ ಎದುರು ಕೂತು, ಎಂದಿನಂತೆ ಓದಿದಳು. ರಾದ್ಯಾ ಬರೆದಿದ್ದಳು: "ಮಾಶಾಅಲ್ಲಾ, ಎಂಥಾ ಕೂಟ! ಮನೆ ತುಂಬಾ ಹೆಂಗಸರನ್ನ ನೋಡಿ ಕಣ್ಣು ತುಂಬಿ ಬಂತು." ಗಾಬೆಸ್‌ನವಳು: "ನಿನ್ನ ಕೈಗೆ ಸುಖವಿರಲಿ. ನಮ್ಮನ್ನೂ ಕರೆದಿದ್ರೆ ಬರ್ತಿದ್ವಲ್ಲ!" ಸ್ಫಾಕ್ಸ್‌ನ ನೆಜೀಬಾ: "ತುಂಬಾ ರುಚಿ, ತಂಗಿ."

ಆರೂ ಓದಿ ಮುಗಿಸಿದಳು. ದನಿಯಲ್ಲಿ ಏರಿಲ್ಲ ಇಳಿವಿಲ್ಲ. ಆಮೇಲೆ ನನ್ನನ್ನು ಕೇಳಿದಳು, "ಎರಡು ವರ್ಷದಿಂದ ಹೀಗೇನಾ ಖಾಲ್ತಿ?"

ಅವಳ ಕೈ ಹಿಡಿದುಕೊಂಡೆ. ಉಪ್ಪುನೀರಿಗೆ ಅಂಗೈ ಇನ್ನೂ ಬಿರಿದಿತ್ತು.

ಚೀಲಗಳಿಗೆ ಇದ್ದಷ್ಟರಲ್ಲೇ ಸ್ವಲ್ಪ ಸ್ವಲ್ಪ ತುಂಬಿ, ಆಯಾ ಊರಿನ ವ್ಯಾನು ಚಾಲಕರ ಕೈಲಿ ಕಳಿಸಿದಳು. ನಾನು ಬೈದೆ. "ಅವರಿಗ್ಯಾಕೆ ದಾನ?"

"ಅವರ ಹೆಸರು ಹೊಲಿದಾಗಿದೆ. ಬೇರೆ ಯಾರಿಗೆ ಕೊಡ್ಲಿ?"

ರಾದ್ಯಾ ತನಗೆ ಬಂದ ಚೀಲವನ್ನು ತನ್ನ ವಿಡಿಯೋದಲ್ಲಿ ಎತ್ತಿ ಹಿಡಿದು ತೋರಿಸಿ, "ಒಬ್ಬ ಅಭಿಮಾನಿ ಕಳಿಸಿದ ಉಡುಗೊರೆ" ಅಂದಳು. ಮಿಕ್ಕವರದ್ದು ಸದ್ದಿಲ್ಲ.

ಒಂದು ಬೆಳಗ್ಗೆ, ಕಹಿ ಕಿತ್ತಳೆ ಮರಕ್ಕೆ ನೀರು ಹಾಕುತ್ತಿದ್ದಾಗ ಶೆದ್ಲಿಯಾಳ ಫೋನು ಹೊಡೆದುಕೊಂಡಿತು. ಕೈ ಒದ್ದೆಯಿತ್ತು ಅಂತ ದನಿ ಹೊರಗೆ ಕೇಳುವ ಹಾಗೆ ಒತ್ತಿದಳು. ನಾನಲ್ಲೇ ಇದ್ದೆ. ನೆಜೀಬಾ. ದಪ್ಪ ದನಿ, ಆಯಾಸದ ದನಿ.

"ಚೀಲ ಬಂತು ತಂಗಿ. ಥ್ಯಾಂಕ್ಸ್ ಬರೆಯೋಣ ಅಂತ ನಿನ್ನ ವಿಡಿಯೋ ತೆಗೆದೆ. ಮಾತೇ ಇಲ್ಲ. ನನ್ನ ಫೋನು ಕೆಟ್ಟೋಯ್ತೇನೋ ಅಂತ ನೋಡಿದೆ. ಆಮೇಲೆ ಪೂರ್ತಿ ನೋಡಿದೆ." ಮತ್ತೆ ಕೇಳಿದಳು, "ಆ ಕುರಿದೊಗಲೆಲ್ಲ ಯಾಕೆ ಖಾಲಿ ಇದ್ವು?"

ಶೆದ್ಲಿಯಾ ನೀರಿನ ಡಬ್ಬ ಕೆಳಗಿಟ್ಟಳು. "ಒಂದು ನಿಮ್ದು."

ನೆಜೀಬಾ ಹೇಳಿದಳು, "ನಿಂಗೆ ಸುಳ್ಳು ಹೇಳಲ್ಲ. ನಮ್ಮ ಯಜಮಾನರು ಲಕ್ವ ಹೊಡೆದು ಮಲಗಿ ಆರು ವರ್ಷ. ಮಾತು ಹೋಯ್ತು. ಮನೇಲಿ ಒಂದು ದನಿ ಇರ್ಲಿ ಅಂತ ನಿಮ್ಮೆಲ್ಲರ ವಿಡಿಯೋ ಬೆಳಗ್ಗೆಯಿಂದ ಹಾಕಿಟ್ಟು ಅವರ ಬಟ್ಟೆ ಬದಲಾಯಿಸ್ತೀನಿ, ಮೈ ಒರೆಸ್ತೀನಿ. ನಿನ್ನ ದನಿ ಚೆನ್ನಾಗಿ ಗೊತ್ತು ನಂಗೆ. ಏನು ಹೇಳ್ತೀಯ ಅಂತ ಮಾತ್ರ ಕೇಳಿಸ್ಕೊಂಡಿಲ್ಲ."

ಶೆದ್ಲಿಯಾ ಬೈಯುತ್ತಾಳೆ ಅಂದುಕೊಂಡೆ. ಬೈಯಬೇಕಿತ್ತು ಕೂಡ. ಅವಳು ಕೇಳಿದ್ದು, "ಒಲೆ ಹಿಂದಿನ ಆ ಹಸಿರು ಬಿಲ್ಲೆ ಸರಿ ಮಾಡಿಸಿದ್ರಾ? ಬೆಳ್ಳುಳ್ಳಿ ನೇತುಹಾಕಿದ್ರಲ್ಲ."

ಸ್ಫಾಕ್ಸ್‌ನಲ್ಲಿ ಕೂತ ಹೆಂಗಸು ಅತ್ತದ್ದು ನನಗೆ ನಾಬೆಲ್‌ನ ಅಂಗಳದಲ್ಲಿ ಕೇಳಿಸಿತು. "ಅದನ್ನ ಯಾರೂ ನೋಡಿರ್ಲಿಲ್ಲ ಕಣೇ," ಅಂದಳು.

ಮುಂದಿನ ವಾರ ಶೆದ್ಲಿಯಾ ಗುಂಪು ಬಿಟ್ಟಳು. ರಾದ್ಯಾ ಫೋನು ಮಾಡಿ ಜಗಳಕ್ಕೆ ನಿಂತಳು. "ಗುಂಪು ಬಿಟ್ರೆ ನಿನ್ನನ್ನ ಯಾರು ನೋಡ್ತಾರೆ?"

"ಈಗ ಯಾರು ನೋಡ್ತಿದ್ದಾರೆ, ಲೆಲ್ಲಾ ರಾದ್ಯಾ?" ಅಂದಳು ಇವಳು, ಹಿರಿಯರಿಗೆ ಅನ್ನುವ ಹಾಗೆ 'ಲೆಲ್ಲಾ' ಅಂತ ಮರ್ಯಾದೆಯಿಂದಲೇ.

ಸಂಖ್ಯೆ ಏರುವುದು ನಿಂತಿತು, ಆಮೇಲೆ ಇಳಿಯಿತು. "ನಿನ್ನ ಕೈಗೆ ಸುಖವಿರಲಿ" ಅನ್ನುವ ಸಾಲುಗಳು ನಿಂತುಹೋದವು. ಚಳಿಗಾಲ ಅವಳಿಗೆ ಕಷ್ಟವಾಯಿತು. ಗೋಡೆಯ ಆಚೆಯಿಂದ ಕೆಲವು ದಿನ ದನಿಯೇ ಕೇಳುತ್ತಿರಲಿಲ್ಲ. ಆಗ ನಾನು ಎದ್ದು ಹೋಗಿ, ಸಕ್ಕರೆ ಬೇಕು ಅಂತಲೋ ಬೆಂಕಿಪೊಟ್ಟಣ ಬೇಕು ಅಂತಲೋ ಬಾಗಿಲು ತಟ್ಟುವೆ. ಸಕ್ಕರೆ ನನಗೆ ವೈದ್ಯರು ಬೇಡ ಅಂದಿದ್ದಾರೆ, ಅದು ಅವಳಿಗೂ ಗೊತ್ತು. ಕೊಡುತ್ತಾಳೆ, ಕೂತ್ಕೊಳ್ಳಿ ಅನ್ನುತ್ತಾಳೆ.

ಈ ಆಗಸ್ಟ್ ಬಂತು. ಅವಳು ಯಾರನ್ನೂ ವಿಡಿಯೋದಲ್ಲಿ ಕರೆಯಲಿಲ್ಲ. ನೆಜೀಬಾಳನ್ನು ಫೋನಿನಲ್ಲಿ ಕರೆದಳು, ಅಮ್ಮ ಏನಾದರೂ ಅಂದುಕೊಳ್ಳಲಿ ಅಂತ. ನೆಜೀಬಾ, "ಇವರನ್ನ ಬಿಟ್ಟು ಹೇಗೆ ಬರ್ಲಿ? ಆದ್ರೂ ನೋಡ್ತೀನಿ, ನಾದಿನಿ ಬಂದ್ರೆ..." ಅಂದಿದ್ದಳು.

ನಾನು ಹೋಗುವಾಗ ಮೂರು ಕುರಿದೊಗಲು ಹಾಸಿತ್ತು. ಮರಿಗೆಯಲ್ಲಿ ರವೆ ಒಣಗಿಯೇ ಇತ್ತು. ಉಪ್ಪುನೀರಿನ ಪಾತ್ರೆಯ ಮೇಲೆ ಬಟ್ಟೆ ಮುಚ್ಚಿತ್ತು.

"ಶುರು ಮಾಡೋಣ್ವಾ?" ಅಂದೆ.

"ಸ್ವಲ್ಪ ಇರಿ ಖಾಲ್ತಿ. ಸ್ಫಾಕ್ಸ್ ವ್ಯಾನು ಯಾವಾಗ್ಲೂ ತಡ."

ಕಾದೆವು. ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಓಣಿಯ ತುದಿಯಲ್ಲಿ ಹಾರ್ನ್ ಆಯಿತು. ಶೆದ್ಲಿಯಾ ಚಪ್ಪಲಿ ಹಾಕದೇ ಓಡಿದಳು. ತಿರುಗಿ ಬಂದಾಗ ಒಬ್ಬಳೇ ಇದ್ದಳು. ಕೈಯಲ್ಲಿ ಅವಳೇ ಹೊಲಿದ ಚೀಲ, ನೀಲಿ ದಾರದಲ್ಲಿ ನೆಜೀಬಾ ಅಂತ ಬರೆದದ್ದು. ಅದರ ತುಂಬಾ ಕುಸ್ಕುಸ್, ಉರುಟಿದ್ದು, ಜರಡಿ ಹಿಡಿದದ್ದು, ಒಣಗಿಸಿದ್ದು. ಅಲ್ಲೇ ಒಬ್ಬಳೇ ಕೂತು, ಕಾಯಿಲೆಯವರ ಮಂಚದ ಪಕ್ಕ, ತನ್ನ ಪಾಲಿನ ಕೆಲಸ ಮಾಡಿ ಕಳಿಸಿದ್ದಳು. ಸ್ಫಾಕ್ಸ್‌ನವರ ಕಾಳು ನಮ್ಮದಕ್ಕಿಂತ ಸಣ್ಣದು.

ಶೆದ್ಲಿಯಾ ಒಂದು ಹಿಡಿ ತೆಗೆದು ಅಂಗೈಯಲ್ಲಿ ಸುಮಾರು ಹೊತ್ತು ನೋಡಿದಳು. ಆಮೇಲೆ ಪಾತ್ರೆಯ ಮೇಲಿನ ಬಟ್ಟೆ ತೆಗೆದಳು. ಇಬ್ಬರ ಕೈಗೆ ಆಗುವಷ್ಟಕ್ಕೇ ನೀರು ಚಿಮುಕಿಸಿದಳು. ಸಂಜೆ ಮಾಳಿಗೆಯ ಮೇಲೆ ನಮ್ಮದನ್ನು ಹರಡಿ, ಅದರ ಪಕ್ಕ ನೆಜೀಬಾಳದ್ದನ್ನು ಸುರಿದು, ಅಂಗೈಯಿಂದ ಎರಡನ್ನೂ ಬೆರೆಸಿಬಿಟ್ಟಳು. ಬೆರೆಸಿದ ಮೇಲೆ ಯಾವುದು ಯಾರದ್ದು ಅಂತ ಕಣ್ಣಿಗೆ ಗೊತ್ತಾಗುತ್ತಿತ್ತು, ಬಾಯಿಗೆ ಗೊತ್ತಾಗಲಿಲ್ಲ.

ಮೂರನೇ ಕುರಿದೊಗಲು ದಿನವಿಡೀ ಹಾಗೇ ಇತ್ತು. ಬೆಕ್ಕು ಹತ್ತಿರ ಬಂದರೆ ಅವಳು ಓಡಿಸಿದಳು.

ಆ ವಿಡಿಯೋವನ್ನು ಬಹಳ ಜನ ನೋಡಲಿಲ್ಲ. ಕೆಳಗೆ ಯಾರೂ ಏನೂ ಬರೆಯಲಿಲ್ಲ. ನೆಜೀಬಾ ಮಾತ್ರ ಮರುದಿನ ಫೋನು ಮಾಡಿ, ನನಗೇ ಕೊಡಲು ಹೇಳಿ, "ಖಾಲ್ತಿ ಮೊಂಜಿಯಾ, ಜರಡಿ ಹಿಡಿಯೋಕೆ ಮುಂಚೆ ಒಂದ್ಸಲ, ರೊಟ್ಟಿ ತಿನ್ನೋವಾಗ ಒಂದ್ಸಲ, ಮಾಳಿಗೆ ಮೆಟ್ಟಿಲ ಹತ್ರ ಬಹಳ ಹೊತ್ತು ಕೆಮ್ಮಿದ್ರಿ, ನಿಮ್ಮ ಕೆಮ್ಮು ಇನ್ನೂ ಹೋಗಿಲ್ಲ. ಯಾರಿಗಾದ್ರೂ ತೋರಿಸಿ," ಅಂದಳು.